ಕೆಂಪು ಪೆನ್ನು ಹಿಡಿದು ಕಾರು ಕೊಂಡದ್ದು

ಮೈಸೂರಿನ ಹೆಬ್ಬಾಳದ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ನಾನು ಇಪ್ಪತ್ತೊಂಬತ್ತು ವರ್ಷದಿಂದ ಇದ್ದೇನೆ. ನಟ್ಟು, ಬೋಲ್ಟು, ವಾಷರ್ರು, ಗ್ರೀಸು, ಕಡೆಗೆ ಕಕ್ಕಸಿಗೆ ಹಾಕುವ ಫಿನಾಯಿಲ್‌ವರೆಗೆ ಕಾರ್ಖಾನೆ ಏನೇ ಕೊಂಡರೂ ಅದು ನನ್ನ ಮೇಜನ್ನು ದಾಟಿಯೇ ಹೋಗಬೇಕು. ಆ ಮೇಜಿನ ಮೇಲೆ ಒಂದು ಕೆಂಪು ಪೆನ್ನಿದೆ. ಯಾವ ಸಪ್ಲೈಯರ್ ಎಂಥ ಕೊಟೇಷನ್ ತಂದರೂ ಅದರಲ್ಲಿ ಎರಡು ಸಾಲನ್ನಾದರೂ ಹೊಡೆದುಹಾಕದೆ ಆ ಪೆನ್ನು ಮುಚ್ಚಳ ಹಾಕಿಕೊಂಡದ್ದಿಲ್ಲ. ವಾಷರ್ ಒಂದಕ್ಕೆ ಹನ್ನೆರಡು ಪೈಸೆ ಇಳಿಸುವುದಕ್ಕಾಗಿ ಒಬ್ಬರನ್ನು ಬೆಳಗ್ಗೆಯಿಂದ ಸಂಜೆತನಕ ಕೂರಿಸಿದ್ದೇನೆ. ಅಂಥ ಈ ಪುಟ್ಟಸ್ವಾಮಿಗೆ ಒಂದು ಕಾರು ಕೊಳ್ಳುವುದು ಯಾವ ಮಹಾ? ಹೀಗಂತ ನಾನು ಅಂದುಕೊಂಡಿದ್ದೆ. ಬಾಯಿಬಿಟ್ಟು ನಾಲ್ಕು ಜನರ ಮುಂದೆ ಹೇಳಿಯೂ ಇದ್ದೆ.

ಕಾರು ಬೇಕಾಗಿದ್ದು ನನಗಲ್ಲ, ನನ್ನ ಹೆಂಡತಿ ಸರೋಜಳ ಮಂಡಿಗೆ.

ಸರೋಜ ಪ್ರತಿವರ್ಷ ಆಷಾಢದ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಅರಿಶಿನ ಕುಂಕುಮ ಹಚ್ಚುತ್ತಲೇ ಹತ್ತುತ್ತಿದ್ದವಳು. ಅವಳು ಬೆಳಗಿನ ಜಾವ ಎದ್ದು ಹೋಗುವುದೂ ನನಗೆ ಗೊತ್ತಾಗುತ್ತಿರಲಿಲ್ಲ, ನಾನು ಎದ್ದಾಗ ಪ್ರಸಾದ ಮೇಜಿನ ಮೇಲಿರುತ್ತಿತ್ತು. ಎರಡು ವರ್ಷದಿಂದ ಮಂಡಿ ಸಹಕರಿಸುತ್ತಿಲ್ಲ, ಬಸ್ಸು ಹತ್ತುವುದೆಂದರೂ ಅವಳಿಗೆ ಭಯ. ಆಷಾಢ ಶುಕ್ರವಾರ ಬಂತೆಂದರೆ ಕೆಸರೆಯ ನಮ್ಮ ಮನೆಯ ತಾರಸಿಗೆ ಹೇಗೋ ಹತ್ತಿ, ದೂರದ ಬೆಟ್ಟಕ್ಕೆ ಅಲ್ಲಿಂದಲೇ ಕೈಮುಗಿದು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಇಳಿದು ಬರುತ್ತಾಳೆ. ಅದನ್ನು ಒಂದು ಸಲ ನೋಡಿದ ಮೇಲೆ ನನಗೆ ಆವತ್ತು ಊಟ ಸೇರಲಿಲ್ಲ.

ನಜರ್‌ಬಾದಿನಲ್ಲಿ ಅವಳಿಗೆ ವ್ಯಾಯಾಮ ಹೇಳಿಕೊಡುವ ಫಿಸಿಯೊಥೆರಪಿ ಡಾಕ್ಟರಮ್ಮ ಇದ್ದಾರೆ. ನಮ್ಮ ಹಳೇ ಪುಟ್ಟ ಕಾರಿನಿಂದ ನಾನು ಸರೋಜಳನ್ನು ಎರಡೂ ಕೈ ಹಿಡಿದು, ಬಾವಿಯಿಂದ ಕೊಡ ಎಳೆದ ಹಾಗೆ ಎಳೆಯುವುದನ್ನು ಅವರು ಒಂದು ದಿನ ಕಿಟಕಿಯಿಂದ ನೋಡಿದರು. "ತಗ್ಗಿನ ಸೀಟು ಒಳ್ಳೇದಲ್ಲ ಸರ್. ಸ್ವಲ್ಪ ಎತ್ತರದ ಸೀಟಿರೋ ಗಾಡಿ ನೋಡಿ" ಅಂದರು. ನಾನು ಅಲ್ಲೇ, ಆ ಗೇಟಿನಲ್ಲೇ ತೀರ್ಮಾನ ಮಾಡಿದೆ.

"ಸರೋಜ, ಒಂದು ಎಸ್‌ಯುವಿ ತಗೊಂಡುಬಿಡ್ತೀನಿ. ಈ ಸಲದ ಆಷಾಢ ಶುಕ್ರವಾರ ನಿನ್ನನ್ನ ಅದರಲ್ಲೇ ಕೂರಿಸ್ಕೊಂಡು ಸೀದಾ ಬೆಟ್ಟದ ಮೇಲೆ ಇಳಿಸ್ತೀನಿ."

"ಆಷಾಢದಲ್ಲಿ ಗಾಡಿ ತಗೋತಾರೇನ್ರೀ ಯಾರಾದ್ರೂ?"

"ಯಾರೂ ತಗೊಳಲ್ಲ. ಅದಕ್ಕೇ ನಾವು ತಗೋಬೇಕು ಕಣೆ. ಶೋರೂಮಿನವರು ನೊಣ ಹೊಡೀತಾ ಕೂತಿರ್ತಾರೆ. ಎಷ್ಟು ಎಳೆದ್ರೂ ಇಳೀತಾರೆ. ಅಮ್ಮನವರ ವರ್ಧಂತಿ ಬರೋದೂ ಆಷಾಢದಲ್ಲೇ ತಾನೆ? ಅಮ್ಮನಿಗಿಲ್ಲದ ಮಡಿ ನಮಗ್ಯಾಕೆ?"

ಸರೋಜ ಒಂದು ಷರತ್ತು ಹಾಕಿದಳು. "ಆಗ್ಲಿ. ಆದ್ರೆ ನಾನು ಮೊದಲ ಸಲ ಆ ಗಾಡಿ ಹತ್ತೋದು ಬೆಟ್ಟಕ್ಕೆ ಹೋಗೋಕೆ. ಅಲ್ಲೀವರೆಗೂ ಒಳಗೆ ಕಾಲಿಡಲ್ಲ. ಟ್ರಯಲ್ಲು ಗಿಯಲ್ಲು ಅಂತ ನನ್ನ ಕರೀಬೇಡಿ."

ಒಪ್ಪಿಕೊಂಡೆ. ಮುಂದೆ ನಡೆದ ಅನಾಹುತಕ್ಕೆಲ್ಲ ಈ ಒಪ್ಪಂದವೇ ಮೂಲ ಅಂತ ನಾನು ಬೇಕಾದರೆ ವಾದಿಸಬಹುದು. ಆದರೆ ಸರೋಜ ಇದನ್ನು ಓದುತ್ತಾಳೆ.

ಖರೀದಿ ವಿಭಾಗಕ್ಕೆ ಒಂದು ಧರ್ಮವಿದೆ. ಮೂರು ಕಡೆ ಕೊಟೇಷನ್ ತರಿಸಬೇಕು, ಪಕ್ಕಪಕ್ಕ ಬರೆದು ಹೋಲಿಸಬೇಕು, ಯಾವ ಅಂಕಿ ಚಿಕ್ಕದೋ ಅದಕ್ಕೆ ಗುರುತು ಹಾಕಬೇಕು. ಹುಣಸೂರು ರಸ್ತೆಯ ಶೋರೂಮು, ಹೆಬ್ಬಾಳದ ಶೋರೂಮು, ನಜರ್‌ಬಾದಿನ ಆಚೆಯ ಶೋರೂಮು, ಮೂರಕ್ಕೂ ಹೋದೆ. ಹತ್ತು ದಿನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಒಬ್ಬರ ಬೆಲೆಯನ್ನು ಇನ್ನೊಬ್ಬರ ಮುಂದೆ ಹಿಡಿದೆ. ಹನ್ನೊಂದನೆಯ ದಿನ ಹುಣಸೂರು ರಸ್ತೆಯವರಲ್ಲಿಗೆ ಬಂದು, ಎದುರು ಕೂತಿದ್ದ ರಮ್ಯಾ ಎಂಬ ಸೇಲ್ಸ್ ಹುಡುಗಿಗೆ ಗಂಭೀರವಾಗಿ ಹೇಳಿದೆ.

"ನೋಡಮ್ಮ, ನಜರ್‌ಬಾದ್ ಕಡೆಯವರು ನಿಮಗಿಂತ ನಾಲ್ಕು ಸಾವಿರ ಕಡಿಮೆಗೆ ಕೊಡ್ತಾ ಇದಾರೆ. ಏನು ಹೇಳ್ತೀಯ?"

"ಹೌದು ಸರ್. ಈಗ ತಾನೆ ಅಲ್ಲಿಂದ ಫೋನ್ ಮಾಡಿದ್ರು. ಪುಟ್ಟಸ್ವಾಮಿ ಸರ್ ಇಲ್ಲಿಂದ ಹೊರಟಿದಾರೆ, ಬಿಸಿಲಲ್ಲಿ ಬರ್ತಿದಾರೆ, ನೀರು ಕೊಡಿ ಅಂದ್ರು" ಎಂದು ನೀರಿನ ಬಾಟಲಿ ಮುಂದಿಟ್ಟಳು. "ಮೂರೂ ನಮ್ಮದೇ ಸರ್. ಒಬ್ಬರೇ ಓನರ್ರು."

ಹತ್ತು ದಿನ ನಾನು ಒಬ್ಬನೇ ಮನುಷ್ಯನ ಎಡಗೈ ಹಿಡಿದುಕೊಂಡು ಅವನದೇ ಬಲಗೈ ಜೊತೆ ಚೌಕಾಸಿ ಮಾಡಿದ್ದೆ. ನೀರು ಕುಡಿದೆ.

"ಕಾಫಿ ತರಿಸ್ಲಾ ಸರ್?"

"ಬೇಡ." ಇದು ನಮ್ಮ ವಿಭಾಗದ ಎರಡನೆಯ ಧರ್ಮ. ಬೆಲೆ ತೀರ್ಮಾನವಾಗುವ ತನಕ ಮಾರುವವನ ಕಾಫಿ ಮುಟ್ಟಬಾರದು. ಕಾಫಿ ಕುಡಿದವನ ನಾಲಿಗೆ ಮೆತ್ತಗಾಗುತ್ತದೆ ಎಂದು ನನಗೆ ಈ ಕೆಲಸ ಕಲಿಸಿದವರು ಹೇಳಿದ್ದರು. ರಮ್ಯಾ ದಿನಕ್ಕೆ ಎರಡು ಸಲದಂತೆ ಕೇಳಿದಳು, ನಾನು ಪ್ರತಿ ಸಲವೂ ಕೈ ಅಡ್ಡ ಆಡಿಸಿದೆ. ಶೋರೂಮಿನ ಕಾಫಿ ಫಿಲ್ಟರ್ ಕಾಫಿ. ಪಕ್ಕದ ಮೇಜಿಗೆ ಹೋಗುವಾಗ ಅದರ ವಾಸನೆ ನನ್ನ ಮೂಗಿನ ಕೆಳಗೇ ಹೋಗುತ್ತಿತ್ತು. ತಲೆನೋವು ಬಂದರೂ ಬಗ್ಗಲಿಲ್ಲ.

ಮೂರನೆಯ ಧರ್ಮ ಮೌನ. ಅವರು ಬೆಲೆ ಹೇಳಿದ ಮೇಲೆ ನಾವು ಏನೂ ಮಾತಾಡದೆ ಅವರ ಮುಖವನ್ನೇ ನೋಡುತ್ತ ಕೂರಬೇಕು. ಬೋಲ್ಟಿನವರಾದರೆ ಎರಡು ನಿಮಿಷದಲ್ಲಿ ಬೆವೆತು ತಾವಾಗಿಯೇ ಇಳಿಸುತ್ತಾರೆ. ರಮ್ಯಾ ಬೆಲೆ ಹೇಳಿದಳು. ನಾನು ಸುಮ್ಮನಾದೆ. ಅವಳೂ ಸುಮ್ಮನಾದಳು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ನಿಮಿಷ ಕಳೆಯಿತು. ಅವಳು ಅಷ್ಟರಲ್ಲಿ ಇಬ್ಬರಿಗೆ ಮೆಸೇಜ್ ಕಳಿಸಿ, ಒಂದು ಫೈಲಿಗೆ ದಾರ ಕಟ್ಟಿ, ಮತ್ತೆ ನನ್ನ ಮುಖ ನೋಡಿ ನಕ್ಕಳು. "ಹಾಗಾದ್ರೆ ಏನು ಮಾಡೋಣಮ್ಮ?" ಅಂತ ಕೇಳಿದ್ದು ನಾನೇ.

ಇನ್ನುಳಿದದ್ದು ಬ್ರಹ್ಮಾಸ್ತ್ರ. ಎದ್ದು ಹೊರಟುಬಿಡುವುದು. "ಈ ಬೆಲೆಗಾದ್ರೆ ನಮಗೆ ಬೇಡಮ್ಮ" ಎಂದು ಎದ್ದೆ. ಈ ಅಸ್ತ್ರದ ಗುಟ್ಟಿರುವುದು ನಡಿಗೆಯಲ್ಲಿ. ಬಹಳ ನಿಧಾನ ನಡೆಯಬೇಕು, ಬಾಗಿಲು ತಲುಪುವುದರೊಳಗೆ ಅವರು ಕರೆಯುತ್ತಾರೆ. ನಿಧಾನ ನಡೆದೆ. ಒಂದು ಬಿಳಿ ಕಾರಿನ ಮುಂದೆ ನಿಂತು ಟಯರ್ ನೋಡಿದೆ. ಒಂದು ಕುಂಡದ ಗಿಡ ನಿಜವೋ ಪ್ಲಾಸ್ಟಿಕ್ಕೋ ಎಂದು ಮುಟ್ಟಿ ಪರೀಕ್ಷೆ ಮಾಡಿದೆ, ಪ್ಲಾಸ್ಟಿಕ್ಕು. ಯಾರೂ ಕರೆಯಲಿಲ್ಲ. ಬಾಗಿಲು ತಾನಾಗಿಯೇ ತೆರೆದುಕೊಂಡಿತು, ನಾನು ರಸ್ತೆಯಲ್ಲಿದ್ದೆ. ಐದು ನಿಮಿಷ ಬಸ್ ಸ್ಟಾಪಿನಲ್ಲಿ ನಿಂತು ಮತ್ತೆ ಒಳಗೆ ಹೋದೆ.

"ಕನ್ನಡಕ ಮರೆತೆ ಅನ್ಸುತ್ತೆ" ಅಂದೆ.

"ಹಾಕ್ಕೊಂಡಿದೀರಿ ಸರ್" ಅಂದಳು ರಮ್ಯಾ. "ಕೂತ್ಕೊಳ್ಳಿ, ಕಾಫಿ ತರಿಸ್ಲಾ?"

ಆಮೇಲೆ ಸಾಲದ ಮಾತು ಬಂತು. ನನ್ನ ಹತ್ತಿರ ಪೂರ್ತಿ ದುಡ್ಡು ಬ್ಯಾಂಕಿನ ಡಿಪಾಜಿಟ್ಟಿನಲ್ಲಿತ್ತು. ಅದನ್ನು ಎದೆಯುಬ್ಬಿಸಿ ಹೇಳಿದೆ. "ಎಲ್ಲ ಒಂದೇ ಸಲ ಕೊಡ್ತೀನಿ. ಅದಕ್ಕೆ ಎಷ್ಟು ಬಿಡ್ತೀಯ ಹೇಳು."

"ಪೂರ್ತಿ ದುಡ್ಡು ಕೊಟ್ರೆ ಏನೂ ಬಿಡಕ್ಕಾಗಲ್ಲ ಸರ್. ಸಾಲ ತಗೊಂಡ್ರೆ ಮೂವತ್ತು ಸಾವಿರ ಆಫರ್ ಇದೆ."

"ಅಂದ್ರೆ ದುಡ್ಡಿದ್ರೆ ಶಿಕ್ಷೆನಾ?"

"ಹಾಗಲ್ಲ ಸರ್, ಆಫರ್ ಬರೋದು ಸಾಲ ಕೊಡೋ ಕಂಪನಿಯಿಂದ."

ಮೂವತ್ತು ಸಾವಿರ ಅಂದರೆ ಎಷ್ಟು ವಾಷರ್ ಎಂದು ಮನಸ್ಸಿನಲ್ಲೇ ಗುಣಿಸಿದೆ. ತಲೆ ಗಿರ್ ಅಂತು. ಬೇಡದ ಸಾಲವನ್ನು ತೆಗೆದುಕೊಳ್ಳುವುದಕ್ಕೆ ಒಪ್ಪಿದೆ. ಎರಡು ಕಂಪನಿಯ ಕಾಗದ ಬಂತು. ಒಂದರಲ್ಲಿ ಬಡ್ಡಿ ಒಂಬತ್ತೂಕಾಲು. ಇನ್ನೊಂದರಲ್ಲಿ ಐದೂವರೆ, ಪಕ್ಕದಲ್ಲಿ 'ಫ್ಲಾಟ್' ಅಂತ ಚಿಕ್ಕದಾಗಿ ಬರೆದಿತ್ತು. ರಮ್ಯಾ ಏನೋ ವಿವರಿಸಲು ಬಾಯಿ ತೆರೆದಳು. ನಾನು ಕೈಯೆತ್ತಿ ತಡೆದೆ. ಒಂಬತ್ತು ದೊಡ್ಡದೋ ಐದು ದೊಡ್ಡದೋ ಎಂದು ಇಪ್ಪತ್ತೊಂಬತ್ತು ವರ್ಷದ ಅನುಭವಸ್ಥನಿಗೆ ಇವಳು ಹೇಳಿಕೊಡಬೇಕೆ? ಐದೂವರೆಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಎಂಟು ಕಡೆ ಸಹಿ ಮಾಡಿದೆ.

ಇನ್ನು ಬಿಡಿಭಾಗಗಳ ಪಟ್ಟಿ. ಇದನ್ನು ನೋಡಿದೊಡನೆ ನನಗೆ ಮನೆಗೆ ಬಂದಷ್ಟು ಸಂತೋಷವಾಯಿತು. ಹದಿನಾಲ್ಕು ಸಾಲಿತ್ತು. ಪೆನ್ನಿನ ಮುಚ್ಚಳ ತೆಗೆದೆ. ಕಾಲ ಕೆಳಗಿನ ಮ್ಯಾಟು, ಮನೆಯಲ್ಲಿ ಹಳೇ ಗೋಣಿ ಇದೆ, ಹೊಡೆದೆ. ಸುವಾಸನೆಯ ಬಾಟಲಿ, ಊದುಬತ್ತಿ ಇದೆ, ಹೊಡೆದೆ. ಬಾಗಿಲಿನ ಮೇಲೆ ಮಳೆ ತಡೆಯುವ ಪಟ್ಟಿ, ಕಿಟಕಿ ಏರಿಸಿದರಾಯಿತು, ಹೊಡೆದೆ. ಒಂಬತ್ತನೆಯ ಸಾಲು, ಹತ್ತಿ ಇಳಿಯುವುದಕ್ಕೆ ಬಾಗಿಲ ಕೆಳಗೆ ಹಾಕುವ ಮೆಟ್ಟಿಲು, ಎರಡು ಬದಿಗೆ, ಹದಿನಾರು ಸಾವಿರ.

"ಹದಿನಾರು ಸಾವಿರನಾ? ಮೆಟ್ಟಿಲಿಗಾ? ಹೊಡಿ ಇದನ್ನ."

ರಮ್ಯಾ ಮೊದಲ ಸಲ ಮುಂದಕ್ಕೆ ಬಾಗಿದಳು. "ಸರ್, ಬೇರೆ ಎಲ್ಲ ಬಿಡಿ. ಮೆಟ್ಟಿಲು ಮಾತ್ರ ಇರ್ಲಿ ಸರ್. ಈ ಗಾಡಿ ಎತ್ತರ. ಮನೇಲಿ ಹೆಂಗಸರು, ದೊಡ್ಡವರು ಇದ್ರೆ…"

ನಾನು ಕುರ್ಚಿಗೊರಗಿ ನಕ್ಕೆ. ಯಾವ ಸಾಲನ್ನು ಹೊಡೆದಾಗ ಮಾರುವವರು ಮುಂದಕ್ಕೆ ಬಾಗುತ್ತಾರೋ ಆ ಸಾಲಿನಲ್ಲೇ ಅವರ ಲಾಭವಿರುತ್ತದೆ. ಇದು ನಮ್ಮ ವಿಭಾಗದ ನಾಲ್ಕನೆಯ ಧರ್ಮ.

"ಎತ್ತರ ಅಂತಲೇ ತಾನೆ ತಗೋತಿರೋದು? ಎತ್ತರಕ್ಕೂ ದುಡ್ಡು ತಗೊಂಡು, ಎತ್ತರ ಇಳಿಸೋಕೂ ದುಡ್ಡು ತಗೋತೀಯಲ್ಲಮ್ಮ!" ಎಂದು ಆ ಸಾಲಿನ ಮೇಲೆ ಎರಡು ಗೆರೆ ಎಳೆದೆ.

"ಆಯ್ತು ಸರ್" ಅಂದಳು ರಮ್ಯಾ.

ಗೆದ್ದವನ ಹಾಗೆ ಮನೆಗೆ ಬಂದೆ. ಗೇಟಿನ ಎದುರಿಗೇ ಸಿದ್ದರಾಜು ಆಟೊ ಒರೆಸುತ್ತಿದ್ದ. ಎದುರು ಮನೆಯವನು, ನನಗೆ ರಜೆಯಿಲ್ಲದಾಗ ಸರೋಜಳನ್ನು ವಾರಕ್ಕೆ ಎರಡು ಸಲ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿ ಬರುವವನು. ಆಟೊ ಎತ್ತರ ಅವಳಿಗೆ ಹೇಳಿ ಮಾಡಿಸಿದಂತಿದೆ, ಆದರೆ ಅದನ್ನು ಗಮನಿಸುವಷ್ಟು ಪುರುಸೊತ್ತು ನನಗೆ ಆಗ ಇರಲಿಲ್ಲ.

"ಏನ್ಸಾ, ಗಾಡಿ ಬುಕ್ ಮಾಡ್ಬುಟ್ರಂತೆ. ಸಾಲ ಎಂಗೆ?"

"ಐದೂವರೆ ಕಣೋ ಸಿದ್ದರಾಜು. ಎಲ್ಲರಿಗೂ ಒಂಬತ್ತು ಅಂತ ಟೋಪಿ ಹಾಕ್ತಾರೆ. ನಾನು ಫ್ಲಾಟು ಐದೂವರೆಗೆ ಹೊಡೆದೆ."

ಸಿದ್ದರಾಜುವಿನ ಒರೆಸುವ ಬಟ್ಟೆ ನಿಂತಿತು. ಮೂರು ಆಟೊ ಸಾಲದಲ್ಲಿ ಕೊಂಡು ತೀರಿಸಿದವನು ಅವನು. "ಫ್ಲಾಟಾ? ಅಯ್ಯೋ, ಅದ್ಯಾಕ್ ತಗೊಂಡ್ರಿ ಸಾ? ನೀವು ತಿಂಗ್ಳು ತಿಂಗ್ಳು ಅಸಲು ಕಟ್ತಾ ಬಂದ್ರೂ ಅವ್ರು ಬಡ್ಡಿ ಆಕೋದು ಮೊದಲ್ನೇ ದಿನದ ಪೂರ್ತಿ ಸಾಲಕ್ಕೇ. ಅಂಗಾಗಿ ಅದು ಒಂಬತ್ತಲ್ಲ, ಅತ್ತು ದಾಟ್ತದೆ."

"ಹಾಗಾದ್ರೆ ನಾಳೇನೇ ಪೂರ್ತಿ ಕಟ್ಟಿಬಿಡ್ತೀನಿ ಬಿಡು. ದುಡ್ಡಿದೆಯಲ್ಲ."

"ಬೇಗ ತೀರ್ಸುದ್ರೆ ದಂಡ ಆಕ್ತಾರೆ ಕಣ್ಸಾ."

ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಕಾಗದ ಓದಿದೆ. ದಂಡ ಇತ್ತು. ಲೆಕ್ಕ ಹಾಕಿದೆ. ಮೂವತ್ತು ಸಾವಿರದ ರಿಯಾಯಿತಿಯಲ್ಲಿ ದಂಡ, ಕಾಗದದ ಖರ್ಚು, ಅದೂ ಇದೂ ಕಳೆದು ನನ್ನ ಕೈಯಲ್ಲಿ ಉಳಿಯುವುದು ಎರಡು ಸಾವಿರದ ಇನ್ನೂರು ರೂಪಾಯಿ. ಹತ್ತು ಅರ್ಧ ದಿನದ ರಜೆ ಬೇರೆ. ಸರೋಜ ಬಾಗಿಲಲ್ಲಿ ನಿಂತು ಕೇಳಿದಳು, "ಎಷ್ಟು ಉಳೀತ್ರೀ?"

"ಚೆನ್ನಾಗಿ ಉಳೀತು" ಅಂದೆ. ಸುಳ್ಳಲ್ಲ, ಮೆಟ್ಟಿಲಿನ ಹದಿನಾರು ಸಾವಿರವಾದರೂ ಉಳಿದಿತ್ತಲ್ಲ. ಆ ಒಂದು ಸಾಲನ್ನು ನೆನೆಸಿಕೊಂಡು ಸಮಾಧಾನಪಟ್ಟುಕೊಂಡೆ.

ಆಷಾಢದ ಕೊನೆಯ ಶುಕ್ರವಾರಕ್ಕೆ ಒಂದು ದಿನ ಮುಂಚೆ ಗಾಡಿ ಕೈಗೆ ಬಂತು. ಶೋರೂಮಿನಲ್ಲಿ ಬಟ್ಟೆ ಸರಿಸಿ, ಹಾರ ಹಾಕಿ, ಬಾಗಿಲಷ್ಟು ದೊಡ್ಡ ರಟ್ಟಿನ ಬೀಗದ ಕೈಯನ್ನು ನಮ್ಮಿಬ್ಬರ ಕೈಗೆ ಕೊಟ್ಟು ಫೋಟೊ ತೆಗೆದರು. ಗಾಡಿ ನಿಜಕ್ಕೂ ಎತ್ತರವಾಗಿತ್ತು. ಸರೋಜ ಕತ್ತೆತ್ತಿ ನೋಡಿದಳು.

"ಜಾಸ್ತಿ ಎತ್ತರ ಆಯ್ತೇನ್ರೀ?"

"ಎತ್ತರ ಇದ್ದಷ್ಟೂ ಮಂಡಿಗೆ ಒಳ್ಳೇದು" ಎಂದು ಡಾಕ್ಟರನಂತೆ ಹೇಳಿದೆ. "ಒಂದು ಸಲ ಕೂತು ನೋಡ್ತೀಯ?"

"ಬೆಟ್ಟಕ್ಕೆ ಹೋಗುವಾಗ ಅಂತ ಹೇಳಿದೀನಲ್ಲ." ಆಡಿದ ಮಾತಿಗೆ ತಪ್ಪದೆ ಅವಳು ಸಿದ್ದರಾಜುವಿನ ಆಟೊ ಹತ್ತಿ ಕೂತಳು. ಮುಂದೆ ಹೊಸ ಗಾಡಿಯಲ್ಲಿ ನಾನೊಬ್ಬನೇ, ಹಿಂದೆ ಆಟೊದಲ್ಲಿ ನನ್ನ ಹೆಂಡತಿ, ಹೀಗೆ ನಮ್ಮ ಮೆರವಣಿಗೆ ಕೆಸರೆಗೆ ಬಂತು. ರಸ್ತೆಯವರೆಲ್ಲ ನಮ್ಮಿಬ್ಬರಿಗೂ ಜಗಳವಾಗಿದೆ ಅಂದುಕೊಂಡರು.

ಶುಕ್ರವಾರ ಬೆಳಿಗ್ಗೆ ಐದಕ್ಕೆ ಸರೋಜ ಸಿದ್ಧವಾಗಿದ್ದಳು. ಕಡು ಹಸಿರು ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ, ಕೈಯಲ್ಲಿ ಹಣ್ಣು ಕಾಯಿಯ ಬುಟ್ಟಿ. ಎರಡು ವರ್ಷದ ಮೇಲೆ ಅವಳ ಮುಖ ಅಷ್ಟು ಅರಳಿತ್ತು. ಇದಕ್ಕೇ ಅಲ್ಲವೆ ಇಷ್ಟೆಲ್ಲ ಬಡಿದಾಡಿದ್ದು ಎಂದುಕೊಂಡು, ರಾಜರ ಕಾಲದ ಸೇವಕನ ಹಾಗೆ ಬಾಗಿ ಬಾಗಿಲು ತೆರೆದು ಹಿಡಿದೆ.

ಸರೋಜ ಬಲಗಾಲು ಎತ್ತಿದಳು. ಕಾಲು ಅರ್ಧಕ್ಕೆ ನಿಂತಿತು. ಇಳಿಸಿದಳು. ಎಡಗಾಲು ಎತ್ತಿದಳು. ಅದು ಅಷ್ಟೂ ಏಳಲಿಲ್ಲ.

"ರೀ, ಇದನ್ನ ಹತ್ತೋದು ಹೇಗೆ?"

"ಆ ಹಿಡಿ ಹಿಡ್ಕೊಂಡು ಒಂದು ಸಲ ಜೀಕು."

"ಜೀಕೋ ಹಾಗಿದ್ರೆ ನಾನು ಬೆಟ್ಟದ ಮೆಟ್ಟಿಲೇ ಹತ್ತಿ ಹೋಗ್ತಿದ್ದೆನಲ್ಲ."

ಹಿಂದಿನಿಂದ ಎತ್ತಲು ನೋಡಿದೆ. ಅವಳು ಒಂದು ಮೊಳ ಮೇಲೆ ಹೋದಳು, ನನ್ನ ಸೊಂಟ ಕಟ್ ಅಂತು, ಇಬ್ಬರೂ ವಾಪಸು ನೆಲಕ್ಕೆ ಬಂದೆವು. ಬುಟ್ಟಿಯಿಂದ ನಿಂಬೆಹಣ್ಣು ಉರುಳಿ, ಚಕ್ರದ ಕೆಳಗೆ ಇಡಬೇಕಾಗಿದ್ದು ತಾನಾಗಿಯೇ ಹೋಗಿ ಅಲ್ಲಿ ನಿಂತಿತು. ಅಕ್ಕಪಕ್ಕದ ಮನೆಗಳಲ್ಲಿ ದೀಪ ಹತ್ತಿಕೊಂಡವು. ಸಿದ್ದರಾಜು ಹಲ್ಲುಜ್ಜುತ್ತ ಬಂದು ಗಾಡಿಯ ಬಾಗಿಲ ಕೆಳಗೆ ಬಗ್ಗಿ ನೋಡಿದ.

"ಇದುಕ್ಕೆ ಮೆಟ್ಲು ಬರ್ತದಲ್ಲ ಸಾ. ಕೊಡ್ನಿಲ್ವಾ ಅವ್ರು?"

ನಾನು ಆಕಾಶ ನೋಡಿದೆ. ಸರೋಜ ನನ್ನ ಮುಖ ನೋಡಿದಳು. ಮೂವತ್ತೊಂದು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಗಂಡನ ಮುಖದಲ್ಲಿ ಕೆಂಪು ಗೆರೆ ಕಾಣುತ್ತದೆ.

"ಹೊಡೆದುಬಿಟ್ರಾ?" ಅಂದಳು.

"ಹದಿನಾರು ಸಾವಿರ ಕಣೆ."

ಅವಳು ಬೈದಿದ್ದರೆ ಬೈಸಿಕೊಂಡು ಹಗುರವಾಗಬಹುದಿತ್ತು. ಬುಟ್ಟಿ ಹಿಡಿದುಕೊಂಡು ಸುಮ್ಮನೆ ತಾರಸಿಯ ಮೆಟ್ಟಿಲ ಕಡೆ ತಿರುಗಿ ನೋಡಿದಳು. ಆ ನೋಟ ನನಗೆ ತಡೆಯಲಾಗಲಿಲ್ಲ. ಒಳಗೆ ಓಡಿದೆ. ಅಡುಗೆಮನೆಯಲ್ಲಿ ಊಟಕ್ಕೆ ಕೂರುವ ಹಲಸಿನ ಮರದ ಮಣೆ ಎರಡಿದ್ದವು, ಅವಳ ತವರಿನವರು ಮದುವೆಯಲ್ಲಿ ಕೊಟ್ಟದ್ದು. ಎರಡನ್ನೂ ತಂದು ಒಂದರ ಮೇಲೊಂದು ಇಟ್ಟೆ. ಸಿದ್ದರಾಜು ಒಂದು ಕೈ, ನಾನು ಒಂದು ಕೈ. ಸರೋಜ ಮಣೆ ಮೇಲೆ ನಿಂತಳು, ಕಣ್ಣು ಮುಚ್ಚಿದಳು, ಹತ್ತಿದಳು. ಮಣೆಗಳನ್ನು ಹಿಂದಿನ ಸೀಟಿಗೆ ಎಸೆದು ಹೊರಟೆ.

ನಜರ್‌ಬಾದ್ ದಾಟಿ ಬೆಟ್ಟದ ರಸ್ತೆ ಹಿಡಿಯುವ ಹೊತ್ತಿಗೆ ನನಗೆ ಧೈರ್ಯ ಮರಳಿತು. "ನೋಡಿದ್ಯಾ? ಎತ್ತರದಲ್ಲಿ ಕೂತ್ರೆ ಎಷ್ಟು ದೂರ ಕಾಣುತ್ತೆ" ಅಂದೆ. ನನಗೂ ಕಾಣಿಸಿತು. ದೂರದಲ್ಲಿ ರಸ್ತೆಗೆ ಅಡ್ಡಲಾಗಿ ಕಬ್ಬಿಣದ ತಡೆ, ಅದರ ಮುಂದೆ ಒಬ್ಬರು ಪೊಲೀಸಿನವರು.

"ಎಲ್ಲಿಗೆ ಯಜಮಾನ್ರೆ?"

"ಬೆಟ್ಟಕ್ಕೆ."

"ಆಷಾಢ ಶುಕ್ರವಾರ ಸ್ವಂತ ಗಾಡಿ ಮೇಲಕ್ಕೆ ಬಿಡಲ್ಲ, ಗೊತ್ತಿಲ್ವಾ? ಹೆಲಿಪ್ಯಾಡ್ ಮೈದಾನದಲ್ಲಿ ನಿಲ್ಲಿಸಿ, ಬಸ್ಸಲ್ಲಿ ಹೋಗಿ. ಬಸ್ಸಿಗೆ ಟಿಕೆಟ್ ಇಲ್ಲ." ಇಷ್ಟು ಹೇಳಿ ಅವರು ಗಾಡಿಯನ್ನು ಮೇಲಿಂದ ಕೆಳಗೆ ನೋಡಿದರು. "ಹೊಸದಾ? ಚೆನ್ನಾಗಿದೆ."

ನಾನು ಮೆಲ್ಲಗೆ ಸರೋಜಳ ಕಡೆ ತಿರುಗಿದೆ. "ನಿನಗೆ ಗೊತ್ತಿತ್ತಾ?"

"ಇಡೀ ಮೈಸೂರಿಗೆ ಗೊತ್ತು. ಆಷಾಢ ಶುಕ್ರವಾರ ನೀವು ಮಲಗಿರ್ತಿದ್ರಿ, ನಿಮಗೆಲ್ಲಿ ಗೊತ್ತಾಗ್ಬೇಕು? ಸೀದಾ ಬೆಟ್ಟದ ಮೇಲೆ ಇಳಿಸ್ತೀನಿ ಅಂತ ಅಷ್ಟು ಧೈರ್ಯವಾಗಿ ಹೇಳಿದ್ರಲ್ಲ, ಆಫೀಸಿಂದ ಏನೋ ಪಾಸು ಮಾಡಿಸಿರ್ಬೇಕು ಅಂದ್ಕೊಂಡೆ."

ಮೈದಾನದಲ್ಲಿ ನೂರಾರು ಗಾಡಿಗಳ ಮಧ್ಯೆ ನಮ್ಮದನ್ನು ನಿಲ್ಲಿಸಿದೆ. ಮಣೆ ಇಟ್ಟು ಸರೋಜಳನ್ನು ಇಳಿಸಿದೆ. ಬಸ್ಸು ಇನ್ನೆಷ್ಟು ಎತ್ತರವಿರುತ್ತದೋ ಎಂಬ ಭಯಕ್ಕೆ ಎರಡೂ ಮಣೆಯನ್ನು ಕಂಕುಳಲ್ಲಿ ಇರುಕಿಕೊಂಡು ಅವಳ ಹಿಂದೆ ಸಾಲಿನಲ್ಲಿ ನಿಂತೆ. ಬಸ್ಸು ಬಂತು. ಬಾಗಿಲಲ್ಲಿ ತಗ್ಗಾಗಿ ಒಂದು ಮೆಟ್ಟಿಲು, ಅದರ ಮೇಲೆ ಇನ್ನೊಂದು. ಸರೋಜ ಕಂಬಿ ಹಿಡಿದು ಒಂದು, ಎರಡು ಎಂದು ಹತ್ತಿ, ಕಿಟಕಿ ಪಕ್ಕದ ಸೀಟಿನಲ್ಲಿ ಕೂತೇಬಿಟ್ಟಳು. ನಾನು ಹತ್ತುವಾಗ ಕಂಡಕ್ಟರ್ ನನ್ನ ಕಂಕುಳು ನೋಡಿದರು.

"ಏನ್ ಸಾರ್, ಸೀಟು ಮನೆಯಿಂದ್ಲೇ ತಂದ್ರಾ?"

ಬಸ್ಸೆಲ್ಲ ನಕ್ಕಿತು. ಸೀಟು ಖಾಲಿಯಿರಲಿಲ್ಲ. ಮಣೆ ಹಿಡಿದುಕೊಂಡು ನಿಂತೆ. ಬಸ್ಸು ತಿರುವು ಏರುತ್ತಿದ್ದಾಗ ಸರೋಜ ನನ್ನನ್ನು ಹತ್ತಿರ ಕರೆದಳು.

"ರೀ, ಈ ಬಸ್ಸಿನವರು ಮೆಟ್ಟಿಲಿಗೆ ಎಷ್ಟು ಕೊಟ್ರೋ ಸ್ವಲ್ಪ ವಿಚಾರಿಸಿ."

ಆದರೂ ದರ್ಶನವಾಯಿತು. ಅಮ್ಮನವರ ಮುಂದೆ ಸರೋಜ ಕಣ್ಣು ತುಂಬಿಕೊಂಡು ನಿಂತಳು. ಈ ಸಲ ಅದು ಬೇರೆ ಕಣ್ಣೀರು. ನಾನು ಮಣೆಗಳ ಸಮೇತ ಕೈಮುಗಿಯಲಾರದೆ ತಲೆಬಾಗಿಸಿದೆ.

ಶನಿವಾರ ಶೋರೂಮಿಗೆ ಹೊರಟೆ. ಸರೋಜ "ನಾನೂ ಬರ್ತೀನಿ" ಎಂದು ಆಟೊದಲ್ಲೇ ಬಂದಳು. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲಿ ಹದಿನಾರು ಸಾವಿರವನ್ನು ಹದಿನಾಲ್ಕಕ್ಕೆ ಇಳಿಸುವ ಬಗೆ ಹೊಸೆಯುತ್ತಿದ್ದೆ.

ರಮ್ಯಾ ಎದ್ದು ನಿಂತಳು. "ಬನ್ನಿ ಮೇಡಂ. ಕಾಫಿ ತರಿಸ್ಲಾ?"

"ತರಿಸಮ್ಮ. ಬಿಸಿಯಾಗಿರ್ಲಿ" ಅಂದಳು ಸರೋಜ.

ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ. ಅವಳು ಲಕ್ಷಿಸಲಿಲ್ಲ. ಕಾಫಿ ಬಂತು, ಕುಡಿದಳು, ಚೆನ್ನಾಗಿದೆ ಅಂದಳು. ರಮ್ಯಾಳ ಊರು ಯಾವುದು, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದಳು. ರಮ್ಯಾಳ ತಾಯಿಗೂ ಮಂಡಿನೋವಂತೆ. ಇಬ್ಬರೂ ಎಣ್ಣೆ, ಶಾಖ, ವ್ಯಾಯಾಮ ಅಂತ ಅರ್ಧ ಗಂಟೆ ಮಾತಾಡಿದರು. ಡಾಕ್ಟರಮ್ಮನ ನಂಬರು ರಮ್ಯಾಳ ಫೋನಿಗೆ ಹೋಯಿತು. ಬೆಲೆಯ ಮಾತೇ ಬರಲಿಲ್ಲ. ಕೊನೆಗೆ ಸರೋಜ ಲೋಟ ಕೆಳಗಿಟ್ಟು ಹೇಳಿದಳು.

"ನಮ್ಮನೆಯವರು ಮೆಟ್ಟಿಲು ಬೇಡ ಅಂದ್ಬಿಟ್ಟಿದಾರಂತೆ ಕಣಮ್ಮ. ನನಗೆ ಹತ್ತೋಕಾಗ್ತಿಲ್ಲ."

"ಗೊತ್ತು ಮೇಡಂ. ಮೊನ್ನೆ ನೀವು ಗಾಡಿ ಮುಂದೆ ನಿಂತಾಗ್ಲೇ ನೋಡ್ದೆ." ರಮ್ಯಾ ಒಳಗೆ ಹೋಗಿ ಮ್ಯಾನೇಜರ್ ಹತ್ತಿರ ಮಾತಾಡಿ ಬಂದಳು. "ಫೋಟೊ ತೆಗೆಯೋಕೆ ಅಂತ ಒಂದು ಗಾಡಿಗೆ ಹಾಕಿ ತೆಗೆದಿದ್ದ ಒಂದು ಜೊತೆ ಮೆಟ್ಟಿಲಿದೆ ಮೇಡಂ, ಹೊಸದರ ಹಾಗೇ ಇದೆ. ಅದನ್ನ ಹಾಕಿಸಿಕೊಡ್ತೀನಿ. ದುಡ್ಡು ಬೇಡ. ಮ್ಯಾಟೂ ಹಾಕ್ತೀವಿ, ಸರ್ ಗೋಣಿ ಹಾಸಿದಾರಂತೆ."

ಮನೆಗೆ ಬಂದ ಮೇಲೆ ಸರೋಜ ಹೇಳಿದ್ದು ಇಷ್ಟೇ. "ಪಾಪದ ಹುಡುಗಿ, ಅಷ್ಟು ದಿನ ಕಾಫಿ ಕಾಫಿ ಅಂತ ಕೇಳಿದಾಳೆ. ಒಂದು ಲೋಟ ಕುಡಿಯೋಕೆ ನಿಮಗೇನಾಗಿತ್ರೀ?"

ರಾತ್ರಿಯೆಲ್ಲ ಯೋಚಿಸಿದೆ. ಇಪ್ಪತ್ತೊಂಬತ್ತು ವರ್ಷ ನಾನು ಕುಡಿಯದೆ ಬಿಟ್ಟ ಕಾಫಿಗಳೆಲ್ಲ ಕಣ್ಣ ಮುಂದೆ ಬಂದವು. ಸೋಮವಾರ ಆಫೀಸಿಗೆ ಹೋದಾಗ ಬೋಲ್ಟ್ ಸಪ್ಲೈಯರ್ ಹೊಸ ಕೊಟೇಷನ್ ಹಿಡಿದು ಕಾದಿದ್ದರು. ಎಂದಿನಂತೆ ಫ್ಲಾಸ್ಕಿನಲ್ಲಿ ಕಾಫಿಯನ್ನೂ ತಂದಿದ್ದರು. ಕೆಂಪು ಪೆನ್ನನ್ನು ಡ್ರಾಯರಿನೊಳಗೆ ಹಾಕಿ, ಎರಡು ಲೋಟ ಬಗ್ಗಿಸಿಕೊಂಡು ಕುಡಿದೆ. ಅವರ ಊರು ಕೇಳಿದೆ. ತಾಯಿಯ ಮಂಡಿ ಹೇಗಿದೆ ಎಂದೂ ವಿಚಾರಿಸಿದೆ.

ಚೆನ್ನಾಗಿದೆಯಂತೆ. ಬೋಲ್ಟಿಗೆ ಐದು ಪರ್ಸೆಂಟ್ ಏರಿಸಿ ಹೋದರು.